ಒಂದು ಬೇಸಿಗೆಯ ತಾಯಿ ಪಾರ್ಟು

ಹೋದ ತಿಂಗಳು ಉಚ್ಚಂಗಿದುರ್ಗದ ಗುಡ್ಡದ ಕೆಳಗೆ ನನ್ನದೊಂದು ಶೂಟಿಂಗ್ ಇತ್ತು. ಬೆಳಿಗ್ಗೆ ಕುರ್ಚಿಯಲ್ಲಿ ಕೂತಾಗ ಮೇಕಪ್‌ನವರು ಪೆಟ್ಟಿಗೆಯನ್ನೆಲ್ಲ ತಡಕಾಡಿ, ಕೂದಲಿಗೆ ಹಚ್ಚುವ ಬಿಳಿ ಬಣ್ಣದ ಡಬ್ಬಿ ಲಾಡ್ಜಿನಲ್ಲೇ ಉಳಿದಿದೆ ಎಂದು ತಲೆ ಕೆರೆದುಕೊಂಡರು. ಅಲ್ಲಿಂದ ತರಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು. ಕೊನೆಗೆ ನಾನೇ ಕಿರಾಣಿ ಅಂಗಡಿಯಿಂದ ಕೊಬ್ಬರಿ ಎಣ್ಣೆ ತರಿಸಿ, ಅವರ ಹತ್ತಿರವಿದ್ದ ಬಿಳಿ ಪುಡಿಯನ್ನು ಅಂಗೈಯಲ್ಲಿ ಕಲಸಿ, ನಾಟಕದವರ ಪದ್ಧತಿಯಂತೆ ಕಿವಿಯ ಮೇಲಿಂದ ಹಿಂದಕ್ಕೆ ಎಳೆದುಕೊಂಡೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆಯೊಳಗೆ ಮಲಗಿದ್ದ ಹಳೆಯ ಸಿಟ್ಟು ಎದ್ದು ಕೂತಿತು. "ಏನಾಯ್ತು ಮೇಡಂ, ಕಣ್ಣಿಗೆ ಹೋಯ್ತಾ?" ಎಂದು ಸಹಾಯಕ ನಿರ್ದೇಶಕಿ ಕೇಳಿದಳು. ಹೂಂ ಎಂದೆ.

ನನಗಿನ್ನೂ ನಲವತ್ತು ತುಂಬಿಲ್ಲ. ಆದರೆ ತೆರೆಯ ಮೇಲೆ ಮೊಮ್ಮಕ್ಕಳ ಮದುವೆ ಮಾಡಿಸಿದ್ದೇನೆ, ನನಗಿಂತ ಹಿರಿಯರಾದ ನಾಯಕರಿಗೆ ತುತ್ತು ಮಾಡಿ ಉಣಿಸಿದ್ದೇನೆ, ಸತ್ತದ್ದಂತೂ ಲೆಕ್ಕವಿಲ್ಲ. ಟೀವಿಯವರು ಬಂದಾಗಲೆಲ್ಲ ಒಂದೇ ಪ್ರಶ್ನೆ: ಇಷ್ಟು ಸಣ್ಣ ವಯಸ್ಸಿನಲ್ಲಿ ಮುದುಕಿಯ ಪಾತ್ರ ಒಪ್ಪಿಕೊಳ್ಳಲು ನಿಮಗೆ ಧೈರ್ಯ ಹೇಗೆ ಬಂತು? ಒಪ್ಪಿಕೊಂಡವರು ಯಾರು ಸ್ವಾಮಿ? ಒಂದೇ ಒಂದು ಬೇಸಿಗೆ ನನ್ನನ್ನು ಮುದುಕಿ ಮಾಡಿತು. ಯುಗಾದಿಗೆ ನಾಯಕಿಯಾಗಬೇಕಿದ್ದವಳು, ಮುಂಗಾರು ಬೀಳುವ ಹೊತ್ತಿಗೆ ಕೂಡ್ಲಿಗಿ ಸೀಮೆಗೆಲ್ಲ ಅವ್ವ ಆಗಿದ್ದೆ.

ಆಗ ನಾನು ಕೊಟ್ಟೂರಿನಲ್ಲಿ ಲಲಿತಕ್ಕನ ಮನೆಯಲ್ಲಿದ್ದೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಅವಳೂ ನನ್ನ ತಾಯಿಯೂ ಒಂದೇ ನಾಟಕ ಕಂಪನಿಯಲ್ಲಿದ್ದವರು. ಕಂಪನಿ ಮುಚ್ಚಿತು, ತಾಯಿ ತೀರಿಕೊಂಡಳು, ಲಲಿತಕ್ಕ ನನ್ನ ಕೈ ಹಿಡಿದು ತನ್ನ ಮನೆಗೆ ಕರೆತಂದಳು. ಅನ್ನ ಹಾಕಿದಳು, ಹಾಡು ಕಲಿಸಿದಳು, ಜ್ವರ ಬಂದರೆ ಹಣೆಗೆ ತಣ್ಣೀರು ಬಟ್ಟೆ ಹಾಕಿದಳು. ಇಲ್ಲ ಎಂದರೆ ಬಾಯಲ್ಲಿ ಹುಳ ಬಿದ್ದೀತು. ಅಷ್ಟು ಮಾಡಿದವಳು ಆದ್ದರಿಂದಲೇ ಆಮೇಲಿನದು ನನಗೆ ಅಷ್ಟು ನಾಟಿತು.

ನಮ್ಮ ಕಡೆ ಹಳ್ಳಿಯ ನಾಟಕ ನಡೆಯುವ ರೀತಿಯನ್ನು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಗಂಡು ಪಾರ್ಟುಗಳೆಲ್ಲ ಊರ ಹುಡುಗರವು. ಹೊಲ ಮಾಡುವವರು, ಟ್ರ್ಯಾಕ್ಟರ್ ಹೊಡೆಯುವವರು, ಪಂಚಾಯ್ತಿಯಲ್ಲಿ ನೀರು ಬಿಡುವವರು ತಿಂಗಳುಗಟ್ಟಲೆ ಹಾರ್ಮೋನಿಯಂ ಮಾಸ್ತರರ ಮುಂದೆ ತಾಲೀಮು ಮಾಡುತ್ತಾರೆ. ಹೆಣ್ಣಿನ ಮಾತುಗಳನ್ನು ಅಲ್ಲಿಯವರೆಗೆ ಮಾಸ್ತರರೇ ದನಿ ಸಣ್ಣಗೆ ಮಾಡಿ ಒಪ್ಪಿಸುತ್ತಾರೆ. ಹೆಣ್ಣು ಪಾರ್ಟಿಗೆ ಹೋಗುವವರು ನಾವು. ಆಟದ ದಿನ ಮಧ್ಯಾಹ್ನ ಬಸ್ಸಿಳಿದು, ನಾಯಕ ಯಾರಪ್ಪ ಎಂದು ಮುಖ ನೋಡಿಕೊಂಡು, ಸಂಜೆ ಬಣ್ಣ ಹಚ್ಚಿಕೊಂಡರೆ ಮೂಡಲು ಬೆಳ್ಳಗಾಗುವ ತನಕ ಅವನ ಹೆಂಡತಿ. ಪರದೆ, ಉಡುಪು ಬಾಡಿಗೆಗೆ ಕೊಡುವ ಡ್ರಾಮಾ ಸೀನ್ಸ್ ಅಂಗಡಿಯೇ ನಮ್ಮ ಆಫೀಸು. ಹಳ್ಳಿಯವರು ಅಲ್ಲಿಗೆ ಬಂದು ಕಲಾವಿದೆಯರನ್ನು ಕೇಳುತ್ತಿದ್ದರು. ಯಾವ ಪಾರ್ಟಿಗೆ ಯಾರು ಎಂದು ಗೊತ್ತು ಮಾಡುತ್ತಿದ್ದವಳು ಲಲಿತಕ್ಕ. ನಾಯಕಿ ಪಾರ್ಟು ಅವಳದು. ಮುದುಕಿ ಪಾರ್ಟು ಹಡಗಲಿಯ ಈರಮ್ಮತ್ತೆಯದು. ನಾನು ಗೆಳತಿ, ತಂಗಿ, ಕೆಲಸದವಳು, ಹೀಗೆ ಉಳಿದದ್ದು ಬಳಿದದ್ದು ಮಾಡುತ್ತಿದ್ದೆ.

ಆ ವರ್ಷ ಚಳಿಗಾಲದಲ್ಲಿ ಕೂಡ್ಲಿಗಿಯಲ್ಲೊಂದು ಆಟ. ಜ್ವರ ಬಂದು ಲಲಿತಕ್ಕನ ಗಂಟಲು ಕಟ್ಟಿ ಮಾತೇ ಹೊರಡದಾಯಿತು, ನಾಯಕಿ ಪಾರ್ಟು ನನ್ನ ಪಾಲಿಗೆ ಬಂತು. ನನಗೆ ಇಪ್ಪತ್ತನಾಲ್ಕು. ಮೈಯಲ್ಲಿ ಹುರುಪು, ತಲೆಯಲ್ಲಿ ಮೊಳ ಮಲ್ಲಿಗೆ. ಹಾಡಿಗೆ ಜನ ಒನ್ಸ್ ಮೋರ್ ಎಂದು ಕೂಗಿ ಕೂಗಿ ನನ್ನನ್ನು ಪರದೆಯ ಒಳಗೆ ಹೋಗಗೊಡಲಿಲ್ಲ. ಹೈವೇಯಲ್ಲಿ ಹೊರಟಿದ್ದ ಲಾರಿಯವರು ಗಾಡಿ ಬದಿಗೆ ಹಾಕಿ ಬಂದು ನಿಂತಿದ್ದರು. ಮನೆಗೆ ಬಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಲಲಿತಕ್ಕ ಬಿಸಿನೀರು ಕುಡಿಯುತ್ತ ಕೇಳಿದಳು. "ಚಲೋ ಆತು ಬಿಡು," ಎಂದು ಪಿಸುಗುಟ್ಟಿ ಗೋಡೆಯ ಕಡೆ ತಿರುಗಿ ಮಲಗಿದಳು. ಜ್ವರದ ದಣಿವು ಅಂದುಕೊಂಡೆ. ನನ್ನ ದಡ್ಡತನಕ್ಕೆ ಏನನ್ನಬೇಕು!

ಯುಗಾದಿ ಕಳೆದ ಮೇಲೆ ಅಕ್ಕ ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತ ಮಾತು ತೆಗೆದಳು.

"ಗಂಗಿ, ಈರಮ್ಮತ್ತಿ ಬಚ್ಚಲದಾಗ ಬಿದ್ದು ಕಾಲು ಮುರ್ಕೊಂಡಾಳಂತ. ಈ ಸೀಸನ್ ಆಕಿ ಏಳಂಗಿಲ್ಲ. ತಾಯಿ ಪಾರ್ಟು ನೀ ಹಾಕ್ಕೊಂತೀಯೇನು?"

"ನಾನಾ? ಮುದುಕಿ ಪಾರ್ಟಾ?"

"ಇದೊಂದ ವರ್ಷ. ನನಗೂ ನಲವತ್ತು ಹತ್ರ ಬಂತು, ಇನ್ನೆಷ್ಟು ಕುಣೀಲಿ? ಮುಂದಿನ ವರ್ಷದಿಂದ ನಾಯಕಿ ಪಾರ್ಟು ನಿಂದು. ನಿನ್ನ ತಾಯಿ ಆಣಿ."

ಸತ್ತ ನನ್ನ ತಾಯಿಯ ಮೇಲೆ ಆಣೆ ಇಟ್ಟವಳನ್ನು ನಂಬದೆ ಇನ್ನು ಯಾರನ್ನು ನಂಬಲಿ? ಒಂದು ವರ್ಷ ತಾನೇ ಅಂದುಕೊಂಡೆ. ಹೂಂ ಅಂದೆ.

ಕಲಿಸಿದಳು ನೋಡಿ, ಅದನ್ನು ಮಾತ್ರ ಮೆಚ್ಚಬೇಕು. ಅಂಗಳದಲ್ಲಿ ಹುಣಸೆಹಣ್ಣು ಬಡಿಯುತ್ತ ಕೂತು, ನನ್ನನ್ನು ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದಳು. "ನಡ ಬಗ್ಗಿಸಬ್ಯಾಡ, ಎಲ್ಲಾರೂ ಅದನ್ನ ಮಾಡ್ತಾರ. ಮುದುಕರಿಗೆ ಮೊದಲು ಹೋಗೋದು ಮೊಣಕಾಲು." ಕೂರುವ ಮೊದಲು ಕೈ ನೆಲವನ್ನು ಹುಡುಕಬೇಕು, ಯಾರಾದರೂ ಕರೆದರೆ ಕಣ್ಣಿಗಿಂತ ಮೊದಲು ಕಿವಿ ತಿರುಗಬೇಕು, ಅಳುವಾಗ ಸೆರಗು ಬಾಯಿಗೆ ಹೋಗಬೇಕೇ ಹೊರತು ಕಣ್ಣಿಗಲ್ಲ. ಈಗಲೂ ಕ್ಯಾಮೆರಾ ಮುಂದೆ ನಾನು ಮಾಡುವುದು ಅಷ್ಟೇ. ಹಳ್ಳ ತೋಡುವವಳು ಇಷ್ಟು ಅಚ್ಚುಕಟ್ಟಾಗಿ ತೋಡುತ್ತಾಳೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಆ ಬೇಸಿಗೆ ಬಿಸಿಲು ಬಿಸಿಲಲ್ಲ, ಬೆಂಕಿ. ಕೊಟ್ಟೂರಿನ ತಗಡಿನ ಮನೆಯಲ್ಲಿ ಹಗಲು ಮಲಗಲು ಆಗುತ್ತಿರಲಿಲ್ಲ. ಒದ್ದೆ ಸೀರೆ ಹೊದ್ದುಕೊಂಡು ಬಿದ್ದುಕೊಂಡಿರುತ್ತಿದ್ದೆವು. ಮಧ್ಯಾಹ್ನ ಬಸ್ಸು, ಬಸ್ಸಿಳಿದರೆ ಊರವರ ಟ್ರ್ಯಾಕ್ಟರು, ಅದರ ಮೇಲೆ ಪರದೆಯ ಬಿದಿರು, ಲೈಟಿನ ಡಬ್ಬಿ, ನಾವು. ಶೇಂಗಾ ಕಿತ್ತ ಹೊಲಗಳ ಕೆಂಪು ಧೂಳು ಹಲ್ಲಿನ ಸಂದಿಗೂ ಸೇರುತ್ತಿತ್ತು. ಆ ವರ್ಷ ಊರೂರಿನಲ್ಲೂ ಒಂದೇ ಬಗೆಯ ನಾಟಕ ನಡೆಯುತ್ತಿತ್ತು: ಹೆಂಡತಿಯ ಮಾತು ಕೇಳಿ ಮಗ ತಾಯಿಯನ್ನು ಬೈದು, ಒದ್ದು ಹೊರಗೆ ಹಾಕುತ್ತಾನೆ, ಕೊನೆಗೆ ಮಗ ಸೊಸೆ ಇಬ್ಬರಿಗೂ ಬುದ್ಧಿ ಬಂದು ತಾಯಿಯ ಕಾಲಿಗೆ ಬೀಳುತ್ತಾರೆ. ಒದೆಸಿಕೊಳ್ಳುವವಳು ನಾನು. ಹೊಸ ನಾಯಕರಿಗೆ ಹುರುಪು ಜಾಸ್ತಿ, ನಿಜವಾಗಿಯೇ ಬೀಳುತ್ತಿತ್ತು ಏಟು.

ಆದರೆ ಬೆಳಿಗ್ಗೆ ನಡೆಯುತ್ತಿದ್ದುದೇ ಬೇರೆ. ಬಣ್ಣ ತೊಳೆದುಕೊಂಡು ಬಸ್ಸಿಗೆ ಹೊರಟರೆ ಆ ನಾಯಕನ ಮನೆಯಿಂದ ಕರೆ ಬರುತ್ತಿತ್ತು. ಆಟದಲ್ಲಾದರೂ ಸರಿ, ತಾಯಿ ಎಂದು ಕರೆದವಳನ್ನು ಒದ್ದ ಕಾಲಿಗೆ ಪಾಪ ಹತ್ತುತ್ತದೆ ಎಂದು ಹಳ್ಳಿಯವರ ನಂಬಿಕೆ. ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ನನ್ನ ಕಾಲು ಮುಟ್ಟುತ್ತಿದ್ದ. "ತಪ್ಪಾತಬೇ ಅವ್ವಾ, ಹೊಟ್ಟಿಗೆ ಹಾಕ್ಕೋ." ಅವನ ಹಡೆದ ತಾಯಿ ನನಗೆ ಕುಬಸ, ಕೊಬ್ಬರಿ, ಜೋಳ ಹಾಕಿ ಉಡಿ ತುಂಬುತ್ತಿದ್ದಳು. ನನಗಿಂತ ಎತ್ತರದ, ಮೀಸೆ ಹೊತ್ತ ಗಂಡಸರು ಅವ್ವಾ ಅನ್ನುವಾಗ ಮೊದಮೊದಲು ನಗು ತಡೆಯಲು ಆಗುತ್ತಿರಲಿಲ್ಲ. ಆಮೇಲೆ ಹಿತ ಅನ್ನಿಸತೊಡಗಿತು. ತಾಯಿ ಇಲ್ಲದೆ ಬೆಳೆದವಳಿಗೆ ಊರಿಗೊಬ್ಬ ತಾಯಿ ಉಡಿ ತುಂಬಿದರೆ ಬೇಡ ಅನ್ನಲು ಮನಸ್ಸು ಬರುತ್ತದೆಯೇ?

ನಮ್ಮ ಹಾರ್ಮೋನಿಯಂ ಮಾಸ್ತರರು ಹರಪನಹಳ್ಳಿಯವರು, ಮಾತು ಕಡಿಮೆ. ಒಂದು ದಿನ ಟ್ರ್ಯಾಕ್ಟರ್ ಮೇಲೆ ನನ್ನ ಉಡಿಯ ಗಂಟು ನೋಡಿ ಅಂದರು, "ನೋಡಮ್ಮ ಗಂಗಾ, ಒಂದೆರಡು ಊರಾಗೆ ತಾಯಿ ಆಗು, ಎಲ್ಲಾ ಊರಾಗೂ ಆಗ್ಬೇಡ. ಹಳ್ಳಿ ಮಂದಿ ನಾಟಕ ಮರೀತಾರೆ, ಸಂಬಂಧ ಮರಿಯಲ್ಲ."

ನಾನು ಲಲಿತಕ್ಕನ ಮುಖ ನೋಡಿದೆ. ಅವಳು ಪಕ್ಕನೆ ನಕ್ಕಳು. "ಮಾಸ್ತರಿಗೆ ವಯಸ್ಸಾತು. ಬಣ್ಣ ತೊಳದ ಮ್ಯಾಲ ಯಾವ ತಾಯಿ, ಯಾವ ಮಗ?" ಅಂದಳು. ನಾನೂ ನಕ್ಕೆ. ಮಾಸ್ತರರು ಟವೆಲ್ಲಿನಿಂದ ಮುಖದ ಧೂಳು ಒರೆಸಿಕೊಂಡು ಆ ಕಡೆ ನೋಡುತ್ತ ಕೂತರು.

ಮುಂಗಾರಿನ ಮೊದಲ ಮೋಡ ಕಾಣಿಸಿಕೊಂಡ ದಿನಗಳು. ಬಿತ್ತನೆ ಶುರುವಾದರೆ ಹುಡುಗರೆಲ್ಲ ಹೊಲಕ್ಕೆ, ನಾಟಕ ಬಂದ್. ಹೊಸಹಳ್ಳಿಯ ಆಟವೊಂದೇ ಬಾಕಿ ಇತ್ತು. ಏನೋ ಸಾಮಾನು ತರಲು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟೂರು ಬಸ್ಸಿಗೆ ಕಾಯುತ್ತಿದ್ದರೆ ಎದುರಿಗೆ ಈರಮ್ಮತ್ತೆ! ಕಂಕುಳಲ್ಲಿ ಸಂತೆಯ ಚೀಲ ಇರುಕಿಕೊಂಡು ಬಸ್ಸುಗಳ ಸಂದಿಯಲ್ಲಿ ದಡದಡ ನಡೆದು ಬರುತ್ತಿದ್ದಳು. ಓಡಿಹೋಗಿ ಚೀಲಕ್ಕೆ ಕೈ ಹಾಕಿದೆ.

"ಕಾಲು ಹೆಂಗೈತ್ರಿ ಅತ್ತಿ?"

"ನನ್ನ ಕಾಲಿಗೇನಾಗೈತಿ? ನಿನ್ನ ಕಣ್ಣಿಗೇನರ ಆಗೈತೇನು?" ಅವಳು ಚೀಲ ಕಿತ್ತುಕೊಂಡಳು. "ನಾಚಿಕಿ ಆಗಂಗಿಲ್ಲೇನಬೇ ನಿನಗ? ಹರೇದ ಹುಡುಗಿ, ನಾಯಕಿ ಮಾಡ್ಕೊಂಡು ಇರೋದು ಬಿಟ್ಟು ಈ ಮುದುಕಿ ಅನ್ನದ ಮ್ಯಾಲ ಕಣ್ಣು ಹಾಕಿದ್ಯಲ್ಲ!"

"ನೀವು ಬಚ್ಚಲದಾಗ ಬಿದ್ದಿದ್ರಂತ..."

"ಬೀಳಲಿ ನನ್ನ ವೈರಿ! ನಿಮ್ಮಕ್ಕನೇ ಫೋನ್ ಮಾಡಿ ಹೇಳ್ಯಾಳ. ನಮ್ಮ ಗಂಗಾಗ ಗಂಡಸರ ಸಂಗಾಟ ಕುಣಿಯೋಕ ಅಂಜಿಕಿ, ತಾಯಿ ಪಾರ್ಟ ಬೇಕಂತ ಹಠ ಹಿಡದಾಳ, ಈ ವರ್ಷ ನೀ ಮನ್ಯಾಗ ಇರು ಅಂತ. ಕೂಡ್ಲಿಗಿ ಆಟ ನೋಡಿದ ಮಂದಿ ನಿನ್ನ ನಾಯಕಿ ಮಾಡ್ರಿ ಅಂತ ಅಂಗಡಿಗೆ ಎಡತಾಕಿದ್ರಂತ. ಅವರಿಗೂ ಆಕಿ ಇದ ಕಥಿ ಹೇಳ್ಯಾಳ. ಎಂಥಾ ನಸೀಬ ಕಾಲಿಲೆ ಒದ್ದಿ ಹುಚ್ಚಿ!"

ಬಸ್ಸು ಬಂತು, ಹತ್ತಿದೆ. ಪರರು ಮೋಸ ಮಾಡಿದರೆ ಬೈದು ಹಗುರಾಗಬಹುದು. ತಲೆಗೆ ಎಣ್ಣೆ ಹಚ್ಚುತ್ತ, ನನ್ನ ತಾಯಿಯ ಹೆಸರು ಹೇಳುತ್ತ ಮಾಡಿದ ಮೋಸಕ್ಕೆ ಯಾವ ಬೈಗುಳ ಹುಡುಕಲಿ? ಕಿಟಕಿಯ ಕಂಬಿಗೆ ಹಣೆ ಹಚ್ಚಿ ದಾರಿಯುದ್ದಕ್ಕೂ ಅತ್ತೆ. ಪಕ್ಕದಲ್ಲಿ ಕೂತಿದ್ದವಳು ಯಾರು ಸತ್ತರು ಎಂದು ಕೇಳಿದಳು.

ಮನೆಗೆ ಬಂದಾಗ ಲಲಿತಕ್ಕ ಅಂಗಳದ ತಂತಿಯ ಮೇಲೆ ಸೀರೆ ಒಣಗಿಸುತ್ತಿದ್ದಳು. ನಾಯಕಿಯ ಜರಿ ಸೀರೆಗಳು ಒಂದು ಕಡೆ, ನನ್ನ ಬಿಳಿ ಸೀರೆ ಇನ್ನೊಂದು ಕಡೆ.

"ಈರಮ್ಮತ್ತಿ ಸಿಕ್ಕಿದ್ಲು," ಅಂದೆ. "ಎರಡೂ ಕಾಲು ನೆಟ್ಟಗ ಅದಾವ."

ಅವಳು ಸೀರೆಯ ಅಂಚು ಜಗ್ಗಿ ಸರಿ ಮಾಡಿದಳು. "ಆಕೀಗೆ ಮಾತು ಮರೀತಾವ. ಹೋದ ವರ್ಷ ಎಷ್ಟು ಕಡೆ ತಪ್ಪಿದ್ಲು, ನೀನ ನೋಡೀದಿ. ಮುಖದ ಮ್ಯಾಲ ಹೇಳಬೇಕಿತ್ತೇನು?"

"ನನಗ್ಯಾಕ ಸುಳ್ಳು ಹೇಳ್ದಿ? ಊರ ಮಂದಿ ನನ್ನ ನಾಯಕಿ ಪಾರ್ಟಿಗೆ ಕೇಳ್ಕೊಂಡು ಬಂದಿದ್ರಂತಲ್ಲ, ಅದನ್ಯಾಕ ಮುಚ್ಚಿಟ್ಟಿ?"

"ನಿನ್ನ ಒಳ್ಳೇದಕ್ಕ. ಪಾರ್ಟು ಬಲೀಲಿ ಅಂತ. ಮುಂದಿನ ವರ್ಷ ನಿಂದು ಅಂದೀನಿ, ನಿಂದ. ಮಾತು ಅಂದ್ರ ಮಾತು." ಇಷ್ಟು ಹೇಳಿ ಒಳಗೆ ಹೋಗಿ ರೊಟ್ಟಿ ತಟ್ಟಲು ಕೂತಳು. ನಾನು ಉಣಲಿಲ್ಲ. ಮನೆ ಬಿಟ್ಟು ಹೋಗಲಿಲ್ಲ ಯಾಕೆ ಎಂದು ಕೇಳಬಹುದು. ಹೋಗಲು ಬೇರೆ ಮನೆ ಇರಲಿಲ್ಲ. ಅದೂ ಅಲ್ಲದೆ, ಆಸೆ ಅನ್ನುವುದು ಕೆಟ್ಟದ್ದು. ಮುಂದಿನ ವರ್ಷ ಎಂಬ ಎರಡು ಮಾತಿಗೆ ನಾನು ಇನ್ನೂ ಜೋತು ಬಿದ್ದಿದ್ದೆ.

ಹೊಸಹಳ್ಳಿಯಲ್ಲಿ ಶಾಲೆಯ ಬಯಲಿನಲ್ಲಿ ಆಟ. ನಾಯಕ ಕೊಟ್ರೇಶ, ಶೇಂಗಾ ವ್ಯಾಪಾರದವರ ಮಗ, ಮುಗ್ಧ ಮನುಷ್ಯ. ಕೊನೆಯ ಸೀನಿಗೆ ಬರುವಷ್ಟರಲ್ಲಿ ಕೋಳಿ ಕೂಗಿತ್ತು. ಲಲಿತಕ್ಕ ಸೊಸೆಯ ಪಾರ್ಟಿನಲ್ಲಿ ನನ್ನ ಕಾಲಿಗೆ ಬಿದ್ದು, "ನಿಮಗೆ ಬಗೆದ ದ್ರೋಹಕ್ಕೆ ಈ ಪಾಪಿಯನ್ನು ಕ್ಷಮಿಸಿರಿ ಅತ್ತೆ," ಅಂದಳು. ಅವಳನ್ನು ಎಬ್ಬಿಸಿ, "ಮಕ್ಕಳ ತಪ್ಪು ಹೊಟ್ಟೆಗೆ ಹಾಕಿಕೊಳ್ಳದಿದ್ದರೆ ಅದು ತಾಯಿಯ ಹೊಟ್ಟೆಯೇ ಅಲ್ಲ," ಎಂದು ನಾನು ಅನ್ನಬೇಕು. ನನಗೆ ಮಾತು ಬರಲಿಲ್ಲ. ಮರೆತಿರಲಿಲ್ಲ, ಗಂಟಲಲ್ಲೇ ಇತ್ತು. ಬಣ್ಣ ಬೆವರಿನಲ್ಲಿ ಇಳಿಯುತ್ತಿದ್ದ ಅವಳ ಮುಖ ನೋಡುತ್ತ ನಿಂತೆ. ಮಾಸ್ತರರು ಹಾರ್ಮೋನಿಯಂ ಮೇಲೆ ಅದೇ ಸಾಲನ್ನು ತಿರುಗಿಸಿ ತಿರುಗಿಸಿ ನುಡಿಸಿದರು. ಜನ ಉಸಿರು ಬಿಗಿಹಿಡಿದರು. ಲಲಿತಕ್ಕ ಕೆಳಗಿನಿಂದ ಮೆಲ್ಲಗೆ, "ಅನ್ನು, ಗಂಗಿ, ಅನ್ನು," ಅಂದಳು.

ಅಂದೆ. ಹೇಗೆ ಅಂದೆನೋ ಗೊತ್ತಿಲ್ಲ, ಅರ್ಧ ಮಾತು ಅಳುವಿನಲ್ಲೇ ಹೋಯಿತು. ಬಯಲಿಗೆ ಬಯಲೇ ಮೂಗು ಒರೆಸಿಕೊಂಡಿತು. ಕೊಟ್ರೇಶ ಪಾರ್ಟು ಮರೆತು ನಿಜವಾಗಿ ಬಿಕ್ಕಿದ. ಸಿನಿಮಾಕ್ಕೆ ಊರು ನೋಡಲು ಬಂದಿದ್ದ ಒಬ್ಬ ನಿರ್ದೇಶಕರು ಆ ದಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರಂತೆ. ಬೆಳಿಗ್ಗೆ ಬಣ್ಣ ತೊಳೆದುಕೊಂಡ ನನ್ನನ್ನು ಕಂಡು, ಆ ಅಜ್ಜಿ ಎಲ್ಲಿ ಎಂದು ನನ್ನನ್ನೇ ಕೇಳಿದರು. ನಾನೇ ಎಂದಾಗ ನಂಬಲಿಲ್ಲ. ಫೋನ್ ನಂಬರ್ ಬರೆದುಕೊಂಡು ಹೋದರು. ಜನರು ಹೇಳುವ ನನ್ನ ಕಥೆ ಇಲ್ಲಿಂದ ಶುರುವಾಗುತ್ತದೆ. ನನ್ನ ಲೆಕ್ಕದಲ್ಲಿ ಇಲ್ಲಿಗೆ ಒಂದು ಕಥೆ ಮುಗಿಯುತ್ತದೆ.

ಯಾಕೆಂದರೆ ಮರುವರ್ಷ ಯುಗಾದಿ ಬಂತು. ಸೀನ್ಸ್ ಅಂಗಡಿಗೆ ಮೊದಲು ಬಂದವನು ಕೊಟ್ರೇಶನೇ. ಲಲಿತಕ್ಕ ಎಲ್ಲರೆದುರು ದನಿ ಎತ್ತಿ ಹೇಳಿದಳು, "ಈ ಸಲ ನಾಯಕಿ ನಮ್ಮ ಗಂಗಾ. ನಾ ಅಲ್ಲ."

ಕೊಟ್ರೇಶ ನನ್ನನ್ನು ನೋಡಿದ, ನೆಲ ನೋಡಿದ. "ಬ್ಯಾರೆ ಯಾರನ್ನರ ಹೇಳ್ರಿ ಅಕ್ಕಾ. ಈಕೀಗೆ ಅವ್ವಾ ಅಂದು ಕಾಲು ಹಿಡದೀನಿ. ಈಗ ಸೊಂಟ ಹಿಡದು ಹೆಂಗ ಹಾಡ್ಲಿ? ನಮ್ಮವ್ವ ಮನ್ಯಾಗ ಸೇರಿಸಂಗಿಲ್ಲ. ಬೇಕಂದ್ರ ತಾಯಿ ಪಾರ್ಟಿಗೆ ಬರ್ಲಿ, ತಲಿ ಮ್ಯಾಲ ಹೊತ್ಕೊಂಡು ಹೋಗ್ತೀನಿ."

ಕೂಡ್ಲಿಗಿ ಕಡೆಯವರೂ ಅದನ್ನೇ ಅಂದರು. ಹಡಗಲಿ ಕಡೆಯವರೂ ಅದನ್ನೇ ಅಂದರು. ಒಂದು ಬೇಸಿಗೆಯಲ್ಲಿ ಅಕ್ಕ ನನ್ನನ್ನು ಊರೂರು ಅಲೆಸಿ, ಒಂದೊಂದೇ ಬಾಗಿಲಿಗೆ ನನ್ನ ಕೈಯಿಂದಲೇ ಅಗಳಿ ಹಾಕಿಸಿದ್ದಳು. ಉಡಿ ತುಂಬಿಸಿಕೊಂಡು ನಗುನಗುತ್ತ ಹಾಕಿ ಬಂದಿದ್ದೆ. ಎಲ್ಲರೂ ಹೋದ ಮೇಲೆ ಅವಳು ನನ್ನ ಭುಜ ತಟ್ಟಿ, "ನೋಡವ್ವಾ, ನಾ ಅಂತೂ ನನ್ನ ಮಾತು ಉಳಿಸ್ಕೊಂಡೆ," ಅಂದಳು. ಆ ಕೈಯನ್ನು ಕಡಿದು ಹಾಕಬೇಕು ಅನ್ನಿಸಿತ್ತು. ಅದೇ ವಾರ ಬೆಂಗಳೂರಿನಿಂದ ಫೋನ್ ಬಂತು, ಟ್ರಂಕು ತೆಗೆದುಕೊಂಡು ಹೊರಟುಬಿಟ್ಟೆ. ಅಲ್ಲೂ ಅಷ್ಟೇ. ಮೊದಲ ಸಿನಿಮಾದಲ್ಲಿ ತಾಯಿಯಾದವಳನ್ನು ಎರಡನೆಯದರಲ್ಲಿ ಯಾರು ನಾಯಕಿ ಮಾಡುತ್ತಾರೆ? ಹೆಸರು ಬಂತು, ಮನೆಯಾಯಿತು, ಶಾಲು ಹೊದಿಸಿದರು. ಹರೆಯ ಮಾತ್ರ ಬಿಳಿ ಬಣ್ಣದ ಕೆಳಗೇ ಕಳೆದುಹೋಯಿತು.

ಉಚ್ಚಂಗಿದುರ್ಗದ ಶೂಟಿಂಗ್ ಮುಗಿದ ಮೇಲೆ ಡ್ರೈವರನಿಗೆ ಕೊಟ್ಟೂರಿಗೆ ಬಿಡು ಎಂದೆ. ಲಲಿತಕ್ಕ ಅದೇ ಮನೆಯಲ್ಲಿದ್ದಾಳೆ. ಈಗ ಅವಳನ್ನು ಯಾವ ಪಾರ್ಟಿಗೂ ಕರೆಯುವುದಿಲ್ಲ. ಮೈ ಇಳಿದುಹೋಗಿದೆ, ಕೂರುವಾಗ ಕೈ ನೆಲ ಹುಡುಕುತ್ತದೆ. ಕಾರು ನಿಂತದ್ದು ನೋಡಿ ಓಣಿಯ ಹೆಂಗಸರೆಲ್ಲ ನೆರೆದರು. ಅವರ ಮುಂದೆ ಅವಳು ನನ್ನ ಗಲ್ಲ ಹಿಡಿದು, "ತಾಯಿ ಪಾರ್ಟಿನಾಗ ನಿನ್ನ ನಸೀಬ ಐತಿ ಅಂತ ಅವತ್ತ ನಾ ಕಂಡಿದ್ದೆ. ಬ್ಯಾಡ ಬ್ಯಾಡ ಅಂತ ಅತ್ರೂ ಬಿಡಲಿಲ್ಲ. ಇವತ್ತು ನೋಡ್ರಿ ಎಲ್ಲಿ ಅದಾಳ," ಅಂದಳು. ಹೆಂಗಸರು ತಲೆದೂಗಿದರು. ಒಬ್ಬಳು ಕಣ್ಣು ಒರೆಸಿಕೊಂಡು, "ಹೆತ್ತವರೂ ಇಷ್ಟು ಮಾಡಂಗಿಲ್ರೀ," ಅಂದಳು.

ಅವರೆಲ್ಲ ಹೋಗುವ ತನಕ ಸುಮ್ಮನೆ ಚಹಾ ಕುಡಿದೆ. ಆಮೇಲೆ ಅಂದೆ, "ಅಕ್ಕಾ, ಆಗಿದ್ದೆಲ್ಲ ಒಳ್ಳೇದ ಆತು, ಇಲ್ಲ ಅನ್ನಂಗಿಲ್ಲ. ಆದ್ರ ನೀ ಅದನ್ನ ನನ್ನ ಒಳ್ಳೇದಕ್ಕ ಮಾಡಲಿಲ್ಲ. ನಾವಿಬ್ರ ಅದೀವಿ. ಒಂದ್ಸಲ ಒಪ್ಕೋ. ನನಗ ಬ್ಯಾರೆ ಏನೂ ಬ್ಯಾಡ."

ಅವಳು ಖಾಲಿ ಕಪ್ಪನ್ನು ನೆಲದ ಮೇಲಿಟ್ಟಳು.

"ಗಂಗಿ," ಅಂದಳು, "ಈ ಓಣ್ಯಾಗ ನನ್ನ ಯಾರೂ ನಾಯಕಿ ಅಂತ ನೆನಸಂಗಿಲ್ಲ. ಗಂಗಾನ್ನ ಬೆಳಸಿದಾಕಿ ಅಂತಾರ. ನನಗ ಉಳದಿರೋದು ಅದೊಂದ ಮಾತು. ಅದನ್ನೂ ಕಸ್ಕೊಂತೀಯೇನು?"

ಅವಳು ನನ್ನ ಮುಖ ನೋಡುತ್ತ ಕಾದಳು. ಅವಳಿಗೆ ಏನು ಬೇಕಿತ್ತೆಂದು ನನಗೆ ಗೊತ್ತಿತ್ತು. ತಾಯಿಯರು ಅನ್ನುವಂಥ ಒಂದು ಮಾತು. ಅಂಥ ಮಾತುಗಳನ್ನು ಹೇಳಿಯೇ ನಾನು ಇಷ್ಟು ವರ್ಷ ಅನ್ನ ಉಂಡಿದ್ದೇನೆ.

"ಕಸ್ಕೊಳ್ಳಂಗಿಲ್ಲ, ಇಟ್ಕೋ," ಅಂದೆ. "ಆದ್ರ ಇನ್ಮ್ಯಾಲ ನನ್ನ ಮುಂದ ಹೇಳಬ್ಯಾಡ."

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.